ಇಟಲಿ ಗಾಡಿಯ ಏಳು ಸಾಮಾನು

ನನ್ನ ಅಣ್ಣನ ಇಟಲಿ ಗಾಡಿಯನ್ನು ನಾನು ಕೊಂಡದ್ದು ಓಡಿಸುವ ಆಸೆಗಲ್ಲ, ಅವನ ಹೊಟ್ಟೆ ಉರಿಸಲಿಕ್ಕೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ನಮ್ಮ ಓಣಿಯ ಹೆಂಗಸರು ಈ ಸುದ್ದಿ ಬಂದಾಗಲೆಲ್ಲ ನನ್ನನ್ನು ಗಟ್ಟಿಗಿತ್ತಿ, ಧೈರ್ಯವಂತೆ ಎಂದು ಹೊಗಳುತ್ತಾರೆ. ಧೈರ್ಯಕ್ಕೂ ಇದಕ್ಕೂ ಸಂಬಂಧವಿಲ್ಲ. ನನಗೆ ಸಿಟ್ಟು ಬಂದರೆ ಹೋಗುವುದಿಲ್ಲ, ಅಷ್ಟೇ. ಉಳಿದವರ ಸಿಟ್ಟು ಹಾಲಿನ ಹಾಗೆ ಉಕ್ಕಿ ಇಳಿದುಹೋಗುತ್ತದೆ. ನನ್ನದು ಹೆಪ್ಪು ಹಾಕಿಟ್ಟ ಹಾಲು, ಬೆಳಗಾಗುವಷ್ಟರಲ್ಲಿ ಗಟ್ಟಿಯಾಗಿ ಕೂತಿರುತ್ತದೆ.

ನಾನಿರುವುದು ಹಗರಿಬೊಮ್ಮನಹಳ್ಳಿಯಲ್ಲಿ. ಖಡಕ್ ರೊಟ್ಟಿ ಮಾಡಿಸಿ ಅಂಗಡಿ, ಖಾನಾವಳಿಗಳಿಗೆ ಕಳಿಸುತ್ತೇನೆ. ಹನ್ನೆರಡು ಹೆಣ್ಣುಮಕ್ಕಳು ನನ್ನ ಹಿತ್ತಲ ಶೆಡ್ಡಿನಲ್ಲಿ ಕೂತು ರೊಟ್ಟಿ ಬಡಿಯುತ್ತಾರೆ, ಹದಿಮೂರನೆಯವಳು ನಾನು. ನನ್ನ ರೊಟ್ಟಿ ಎಲ್ಲರದ್ದಕ್ಕಿಂತ ತೆಳ್ಳಗಿರುತ್ತದೆ. ಬಡಿಯುವಾಗ ಯಾರ ಮುಖ ನೆನೆಸಿಕೊಳ್ಳುತ್ತೇನೆ ಎಂಬುದು ಶೆಡ್ಡಿನವರಿಗೆಲ್ಲ ಗೊತ್ತು. ನಮ್ಮ ಯಜಮಾನರು ಗೂಡ್ಸ್ ಆಟೋದಲ್ಲಿ ಡಬ್ಬ ಹೇರಿಕೊಂಡು ಹಡಗಲಿ, ಹರಪನಹಳ್ಳಿವರೆಗೂ ಹೋಗಿಬರುತ್ತಾರೆ. ಅವರದು ತಣ್ಣಗಿನ ಸ್ವಭಾವ. ದೇವರು ಲೆಕ್ಕ ಸರಿಮಾಡಿ ಜೋಡಿ ಹಾಕಿದ್ದಾನೆ.

ತವರು ಕೊಟ್ಟೂರು. ಅವ್ವ ಬೇಗ ಹೋದಳು. ನನ್ನನ್ನು ಬೆಳೆಸಿದವನು ಅಪ್ಪ. ಅಣ್ಣ ನನಗಿಂತ ಎಂಟು ವರ್ಷ ದೊಡ್ಡವನು, ಮೊದಲಿನಿಂದಲೂ ಮನೆಯ ದೊಡ್ಡಸ್ತಿಕೆಯೆಲ್ಲ ತನ್ನದೇ ಎಂದು ತಿಳಿದವನು. ಅಪ್ಪನ ಹತ್ತಿರ ಹಳೆಯ ಮೋಟರ್‌ಸೈಕಲ್ಲೊಂದಿತ್ತು. ನಾನು ಹತ್ತನೇ ಇಯತ್ತೆ ಮುಗಿಸಿದ ಬೇಸಿಗೆಯಲ್ಲಿ ಒಣಗಿದ ಕೆರೆಯಂಗಳಕ್ಕೆ ನನ್ನನ್ನು ಕರೆದೊಯ್ದು ಗಾಡಿ ಕಲಿಸಿದ. ‘ಕ್ಲಚ್ ಬಿಡಾದು ಅಂದ್ರ ಏನ್ ತಿಳದಿ? ನಿದ್ದಿ ಹತ್ತಿದ ಕೂಸಿನ್ನ ತೊಡಿ ಮ್ಯಾಲಿಂದ ಇಳಸಿದಂಗ’ ಎನ್ನುತ್ತಿದ್ದ. ಅಣ್ಣ ದಂಡೆಯ ಮೇಲೆ ನಿಂತು ಹುಡುಗಿಗೆ ಇದನ್ನೆಲ್ಲ ಯಾಕೆ ಕಲಿಸುತ್ತೀ ಎಂದು ಗೊಣಗುತ್ತಿದ್ದ. ಅಪ್ಪ ಅವನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಅಪ್ಪ ತೀರಿಕೊಂಡಾಗ ನನಗೆ ಮದುವೆಯಾಗಿ ಮಗಳು ಶಾಲೆಗೆ ಹೋಗುತ್ತಿದ್ದಳು. ಆ ವರ್ಷದ ಪಂಚಮಿಗೆ ಅಣ್ಣನೇ ಜೀಪು ತಂದು ನನ್ನನ್ನು ಕರೆದುಕೊಂಡು ಹೋದ. ಉಂಡೆ, ಜೋಕಾಲಿ ಯಾವುದಕ್ಕೂ ಕಡಿಮೆಯಿರಲಿಲ್ಲ. ಹೊರಡುವ ದಿನ ಅತ್ತಿಗೆ ಉಡಿ ತುಂಬಿದಳು. ನಮ್ಮ ಕಡೆ ಹೆಣ್ಣುಮಗಳನ್ನು ಬರಿ ಸೆರಗಿನಲ್ಲಿ ಕಳಿಸುವುದಿಲ್ಲ. ಅಕ್ಕಿ, ತೆಂಗಿನಕಾಯಿ, ಉತ್ತತ್ತಿ, ಅರಿಶಿನದ ಕೊಂಬು, ಕುಬಸದ ಕಣ ಎಲ್ಲವನ್ನೂ ಸೆರಗಿಗೆ ಹಾಕುತ್ತಾರೆ. ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕೈಯಲ್ಲಿ ಹಿಡಿದುಕೊಂಡು ಹೋಗಿ, ಗಂಡನ ಮನೆಯ ದೇವರ ಮುಂದೆಯೇ ಬಿಚ್ಚಬೇಕು. ಅಲ್ಲಿಯವರೆಗೆ ಒಂದು ಕಾಳೂ ಚೆಲ್ಲಬಾರದು. ತವರಿನವರಿಗೆ ಎದುರಾಡಬಾರದು, ಯಾಕೆ ಏನು ಎಂದು ಕೇಳಬಾರದು. ತುಂಬಿದ ಉಡಿಯಲ್ಲಿ ಕೆದಕಿ ಮಾತಾಡಿದರೆ ತವರಿಗೆ ಕೇಡು ಎಂದು ಅವ್ವ ಹೇಳಿದ್ದಳು, ಅವಳಿಗೆ ಅವಳವ್ವ ಹೇಳಿದ್ದಳು.

ಜೀಪು ಹತ್ತಿದ ಮೇಲೆ ಅಣ್ಣ, ‘ಕೂಡ್ಲಿಗಿ ಮ್ಯಾಲೆ ಹೋಗಾಣ. ಅಲ್ಲೊಂದು ಸಣ್ಣ ಕೆಲಸ ಐತಿ. ಅಪ್ಪನ ಹೆಸರಿಂದ ಖಾತಿ ಬದಲಿ ಮಾಡಸಬೇಕು, ನಿಂದೊಂದು ಸೈನ್ ಬೇಕು’ ಎಂದ. ನಾನು ಹೂಂ ಎಂದೆ. ಕೂಡ್ಲಿಗಿಯ ನೋಂದಣಿ ಕಚೇರಿಯಲ್ಲಿ ಕಾಗದ ಆಗಲೇ ತಯಾರಾಗಿತ್ತು. ‘ಓದೀರೇನಮ್ಮ?’ ಎಂದು ಅಲ್ಲಿಯವರು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಣ್ಣ, ‘ಮನ್ಯಾಗ ಓದ್ಯಾಳ್ರಿ’ ಎಂದ. ಅವರು ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ. ಪಿಯುಸಿ ಪಾಸಾದವಳು ನಾನು, ಕನ್ನಡದಲ್ಲಿ ತರಗತಿಗೇ ಮೊದಲಿಗಳು. ಎಡಗೈಯಲ್ಲಿ ಉಡಿ ಹಿಡಿದುಕೊಂಡು ಬಲಗೈಯಲ್ಲಿ ಅವನು ಬೆರಳಿಟ್ಟು ತೋರಿಸಿದಲ್ಲೆಲ್ಲ ಸಹಿ ಮಾಡಿದೆ.

ಎರಡು ವರ್ಷದ ಮೇಲೆ ರೊಟ್ಟಿ ಕೊಡಲು ಹೋದ ಯಜಮಾನರು, ಹರಪನಹಳ್ಳಿ ರಸ್ತೆಯ ಅಪ್ಪನ ಹೊಲದಲ್ಲಿ ಸೈಟಿನ ಕಲ್ಲು ನೆಟ್ಟಿದ್ದಾರೆ ಎಂದು ಬಂದು ಹೇಳಿದರು. ನಾನು ಕೂಡ್ಲಿಗಿಗೆ ಹೋಗಿ ಆ ಪತ್ರದ ನಕಲು ತೆಗೆಸಿದೆ. ಅದು ಖಾತೆ ಬದಲಾವಣೆಯ ಕಾಗದವಾಗಿರಲಿಲ್ಲ, ಹಕ್ಕು ಬಿಡುಗಡೆ ಪತ್ರವಾಗಿತ್ತು. ‘ನನ್ನ ಪಾಲಿನ ಸಮಸ್ತ ಹಕ್ಕನ್ನು ನನ್ನ ಅಣ್ಣನ ಮೇಲಿನ ಪ್ರೀತಿ ವಿಶ್ವಾಸದಿಂದ, ಯಾರ ಒತ್ತಾಯವೂ ಇಲ್ಲದೆ, ಸ್ವಖುಷಿಯಿಂದ ಬಿಟ್ಟುಕೊಟ್ಟಿರುತ್ತೇನೆ. ಈ ಪತ್ರವನ್ನು ನಾನೇ ಓದಿ, ಅರ್ಥ ಮಾಡಿಕೊಂಡು ಸಹಿ ಮಾಡಿರುತ್ತೇನೆ’ ಎಂದು ಅದರಲ್ಲಿತ್ತು. ಅಪ್ಪ ನನಗೂ ಅವನಿಗೂ ಸರಿಸಮ ಬಿಟ್ಟುಹೋದ ಹೊಲ. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಅದನ್ನು ಮೂರು ಸಲ ಓದಿದೆ. ಅವತ್ತೇ ಓದಬೇಕಾಗಿದ್ದನ್ನು ಎರಡು ವರ್ಷ ತಡವಾಗಿ ಓದಿದೆ.

ವಕೀಲರನ್ನೂ ಕೇಳಿದ್ದಾಯಿತು. ‘ಸೈನ್ ನಿಮ್ದ, ಫೋಟೋ ನಿಮ್ದ. ಮ್ಯಾಲೆ ಪಿಯುಸಿ ಓದೀರಿ. ಓದಿಲ್ರಿ ಅಂದ್ರ ನಂಬೋದು ಕಷ್ಟ ಐತಮ್ಮ’ ಎಂದರು. ಉಡಿಯ ವಿಷಯ ಹೇಳಲು ಹೋದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಅಣ್ಣನ ಮುಂದೆ ಮಾತ್ರ ನಾನು ಚಕಾರ ಎತ್ತಲಿಲ್ಲ. ಕೇಳಿದರೆ ಅವನು ಒಂದು ತುಣುಕು ಎಸೆಯುತ್ತಾನೆ, ಅದನ್ನು ಹಿಡಿದುಕೊಳ್ಳಲು ನನಗೆ ಕೈ ಬಾರದು ಎಂದು ಗೊತ್ತಿತ್ತು. ಯಜಮಾನರು, ‘ಹೋಗ್ಲಿ ಬಿಡಲೇ, ಒಡಹುಟ್ಟಿದಾತ ಅದಾನ’ ಎಂದರು. ಅವರ ತಾಟಿಗೆ ರೊಟ್ಟಿ ಬಡಿಸಿದ ರಭಸಕ್ಕೆ ಅದು ಒಡೆದು ನಾಲ್ಕಾಯಿತು.

ಸೈಟುಗಳು ಮಾರಾಟವಾದ ವರ್ಷವೇ ಅಣ್ಣನ ಮನೆಗೆ ಆ ಇಟಲಿ ಗಾಡಿ ಬಂತು. ಬೆಂಗಳೂರಿನಲ್ಲಿ ಯಾರೋ ಓಡಿಸಿ ಬಿಟ್ಟದ್ದು. ರೇಸಿನಲ್ಲಿ ಬಗ್ಗಿ ಕೂತು ಓಡಿಸುತ್ತಾರಲ್ಲ, ಆ ಜಾತಿಯ ಕೆಂಪು ಮೋಟರ್‌ಸೈಕಲ್ಲು. ಅದು ಇದ್ದ ಹಾಗೇ ಇದ್ದರೆ ಅವನಿಗೆ ಸಮಾಧಾನವಿಲ್ಲ. ಕಿವಿ ಹರಿಯುವ ಸೈಲೆನ್ಸರ್ ಹಾಕಿಸಿದ. ಹ್ಯಾಂಡಲ್ಲು ಬದಲಾಯಿತು, ಅದರ ತುದಿಗೆ ಗುಂಡನೆಯ ಕನ್ನಡಿ ಬಂದವು. ಸೀಟಿಗೆ ಕೆಂಪು ದಾರದ ಹೊಲಿಗೆ, ಹಿಂದಿನ ಮಡ್‌ಗಾರ್ಡ್ ಕತ್ತರಿಸಿ ಗಿಡ್ಡ ಬಾಲ, ಹೊಳೆಯುವ ಬ್ರೇಕ್ ಲಿವರು. ಕ್ಲಚ್ಚಿನ ಮುಚ್ಚಳ ತೆಗೆಸಿ ಒಳಗೆ ತಿರುಗುವುದೆಲ್ಲ ಕಾಣುವಂಥ ಬೇರೆ ಮುಚ್ಚಳ ಕೂರಿಸಿದ. ಒಂದೊಂದು ಸಾಮಾನಿಗೂ ತಿಂಗಳುಗಟ್ಟಲೆ ಕಾದು, ಎಲ್ಲೆಲ್ಲಿಂದಲೋ ತರಿಸುತ್ತಿದ್ದ. ಗಾಡಿ ಉಜ್ಜಿನಿ ದಾರಿಯಲ್ಲಿದ್ದರೆ ಕೊಟ್ಟೂರಿನ ಪೇಟೆಯಲ್ಲಿ ಜನ ‘ಗೌಡ್ರು ಬಂದ್ರು’ ಎನ್ನುತ್ತಿದ್ದರಂತೆ. ಹೊಲದ ಅರ್ಧ ನನ್ನದು. ಹಾಗಾದರೆ ಆ ಸದ್ದಿನಲ್ಲೂ ಅರ್ಧ ನನ್ನದೇ ಎಂದು ಕೂತಲ್ಲೇ ಲೆಕ್ಕ ಹಾಕುತ್ತಿದ್ದೆ.

ಒಂದು ಆಯುಧಪೂಜೆಗೆ, ಗಾಡಿಗೆ ಆರತಿ ಮಾಡಲು ಮನೆಮಗಳೇ ಬೇಕು ಎಂದು ನನ್ನನ್ನು ಕರೆಸಿದ. ಚೆಂಡುಹೂವಿನ ಮಾಲೆ, ಕುಂಬಳಕಾಯಿ, ಹತ್ತಾರು ಜನ. ನಾನು ಆರತಿ ಬೆಳಗಿ, ತಟ್ಟೆ ಕೆಳಗಿಟ್ಟು, ಸುಮ್ಮನೆ ಹಿಡಿಕೆಯ ಮೇಲೆ ಕೈಯಿಟ್ಟೆ. ಅಪ್ಪನ ಗಾಡಿ ನೆನಪಾಗಿತ್ತು, ಬೇರೇನಲ್ಲ. ಅಣ್ಣ ಎಲ್ಲರ ಎದುರಿಗೆ, ‘ಕೈ ತಗಿ ತಂಗಿ. ಹೆಣ್ಣುಮಕ್ಕಳು ಮುಟ್ಟೋ ಗಾಡಿ ಅಲ್ಲ ಇದು’ ಎಂದ. ಜನ ನಕ್ಕರು. ನಾನೂ ನಕ್ಕೆ. ನಕ್ಕದ್ದಕ್ಕೆ ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟಿದೆ.

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ. ಆ ಗಾಡಿಯನ್ನು ಬಿಚ್ಚಿ ಕಟ್ಟುವ ಕೈ ಈ ಸುತ್ತಿನಲ್ಲಿ ಒಂದೇ ಇತ್ತು, ಅದು ನಮ್ಮ ಊರಿನ ಮಿಸ್ತ್ರಿಯದು. ಅವನ ಗ್ಯಾರೇಜು ರೈಲ್ವೆ ಸ್ಟೇಷನ್ ದಾರಿಯಲ್ಲಿದೆ. ಮೊಬೈಲಿನಲ್ಲಿ ನೋಡಿ ನೋಡಿ ಆ ವಿದ್ಯೆ ಕಲಿತವನು, ಮಾತು ಕಡಿಮೆ. ಹೋದ ವರ್ಷ ನನ್ನ ಸ್ಕೂಟರಿನ ಬ್ರೇಕು ಸರಿ ಮಾಡುತ್ತ, ‘ನಿಮ್ಮಣ್ಣಾರು ಗಾಡಿ ಕೊಡ್ತಾರಂತ ಅಕ್ಕಾರ. ಸೊಂಟ ಹಿಡದೈತಿ. ಬಗ್ಗಿ ಕುಂದ್ರಾಕ ಆಗವಲ್ದು, ಡಾಕ್ಟ್ರು ಬ್ಯಾಡ ಅಂದಾರ’ ಎಂದ.

ನನ್ನ ಒಳಗೆ ಹೆಪ್ಪುಗಟ್ಟಿ ಕೂತದ್ದು ಅಲುಗಾಡಿತು. ‘ಯಾರಿಗೆ ಕೊಡ್ತಾನಂತ?’ ಎಂದೆ.

‘ಒಳ್ಳೆ ಕೈಗೆ ಬೀಳಬೇಕಂತ್ರಿ. ಗಿರಾಕಿ ನೋಡು ಅಂದಾರ ನನಗ.’

‘ಗಿರಾಕಿ ಸಿಕ್ಕಾರ ಅಂತ ಹೇಳು.’

ಅವನು ಸ್ಪ್ಯಾನರ್ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ನನ್ನ ಮುಖ ನೋಡಿದ. ನಾನು ಅವನಿಗೆ ಕೂಡ್ಲಿಗಿಯ ಕತೆಯನ್ನೆಲ್ಲ ಹೇಳಿದೆ. ಕೇಳಿ ಸ್ಪ್ಯಾನರ್ ಕೆಳಗಿಟ್ಟು, ‘ಸುಳ್ಳು ಹೇಳಾಕ ಬರಂಗಿಲ್ಲ ನನಗ. ಆದ್ರ ಕೇಳಿದಷ್ಟಕ್ಕ ಮಾತ್ರ ಹೇಳ್ತೀನಿ, ನಡೀತೈತೇನ್ರಿ?’ ಎಂದ. ನಡೆಯುತ್ತದೆ ಎಂದೆ. ಮಗಳ ಮದುವೆಗೆಂದು ಕಟ್ಟುತ್ತಿದ್ದ ಚೀಟಿ ಎತ್ತಿದೆ. ಮಗಳನ್ನು ಕೇಳಿಯೇ ಎತ್ತಿದ್ದು. ‘ಎತ್ತವ್ವಾ, ನನ್ನ ಮದುವಿ ಎಲ್ಲಿಗೂ ಓಡಿಹೋಗಂಗಿಲ್ಲ’ ಎಂದಳು. ಅವಳಿಗೂ ನನ್ನ ಹೆಪ್ಪು ಸ್ವಲ್ಪ ಬಿದ್ದಿದೆ.

ನಮ್ಮ ಕಡೆ ಹಳೆ ಗಾಡಿ ಮಾರುವವರದೊಂದು ಪದ್ಧತಿಯಿದೆ. ಹೆಸರು ಬದಲಿಸುವ ಫಾರಂ ಮೇಲೆ ಮಾರುವವನು ಸಹಿ ಹಾಕಿ ಕೊಟ್ಟುಬಿಡುತ್ತಾನೆ. ಕೊಳ್ಳುವವನ ಹೆಸರಿನ ಜಾಗ ಖಾಲಿ ಇರುತ್ತದೆ. ಗಾಡಿ ಇಬ್ಬರು ಮೂವರ ಕೈ ದಾಟುವುದುಂಟು, ಕೊನೆಗೆ ಯಾರ ಹತ್ತಿರ ಉಳಿಯುತ್ತದೋ ಅವರ ಹೆಸರು ತುಂಬಿದರಾಯಿತು. ತಪ್ಪು ಎಂದು ಎಲ್ಲರಿಗೂ ಗೊತ್ತು, ಎಲ್ಲರೂ ಮಾಡುತ್ತಾರೆ. ನಾನು ಮಿಸ್ತ್ರಿಗೆ ಹೇಳಿದ್ದು ಅದೊಂದನ್ನೇ: ಹೆಸರಿನ ಜಾಗ ಖಾಲಿ ಇರಲಿ.

ಅಣ್ಣ ಆ ಫಾರಂಗೆ ಸಹಿ ಹಾಕಲು ಬಂದ ದಿನ ನಾನು ಗ್ಯಾರೇಜಿನ ಎದುರು, ರಸ್ತೆಯ ಆಚೆ, ನಮ್ಮ ಗೂಡ್ಸ್ ಆಟೋದೊಳಗೆ ರೊಟ್ಟಿ ಡಬ್ಬಗಳ ನಡುವೆ ಸೆರಗು ಹೊದ್ದು ಕೂತಿದ್ದೆ. ಯಜಮಾನರು ಸ್ಟೇರಿಂಗ್ ಹಿಡಿದು, ಯಾರಾದರೂ ನೋಡಿದರೆ ಏನು ಗತಿ ಎಂದು ಒಂದೇ ಸಮನೆ ಬೆವರುತ್ತಿದ್ದರು. ಅಣ್ಣ ಕಾರಿನಿಂದ ಸೊಂಟದ ಮೇಲೆ ಕೈಯಿಟ್ಟುಕೊಂಡು ಇಳಿದ. ಗಾಡಿಯ ಸುತ್ತ ಎರಡು ಸಲ ತಿರುಗಿದ. ಟ್ಯಾಂಕು ಸವರಿದ. ಮಿಸ್ತ್ರಿ ಫಾರಂ ಕೊಟ್ಟಾಗ ಗಾಡಿಯ ಸೀಟಿನ ಮೇಲೆಯೇ ಇಟ್ಟುಕೊಂಡು ಸಹಿ ಹಾಕಿದ.

ಅವರಾಡಿದ ಮಾತನ್ನು ಮಿಸ್ತ್ರಿ ಆಮೇಲೆ ಹೇಳಿದ. ‘ಹೆಸರು ಬರದಿಲ್ಲಲ್ಲೋ?’ ಎಂದನಂತೆ ಅಣ್ಣ. ‘ಆಮ್ಯಾಲೆ ತುಂಬ್ತೀನ್ರಿ’ ಎಂದನಂತೆ ಇವನು. ‘ಎಲ್ಲಿ ಪಾರ್ಟಿ?’ ‘ಹಡಗಲಿ ರೋಡಿನ ಕಡಿಯವ್ರು.’ ನಮ್ಮ ಮನೆ ಇರುವುದು ಹಡಗಲಿ ರಸ್ತೆಯಲ್ಲೇ. ‘ಕೈ ಹೆಂಗೈತಿ?’ ‘ಗಟ್ಟಿ ಕೈ ಐತ್ರಿ.’ ಅಷ್ಟಕ್ಕೆ ಅಣ್ಣನಿಗೆ ಸಮಾಧಾನವಾಯಿತು. ತಾನು ಬಿಚ್ಚಿಸಿಟ್ಟಿದ್ದ ಕಂಪನಿಯ ಸಾಮಾನುಗಳನ್ನೂ ಎರಡು ಚೀಲದಲ್ಲಿ ತಂದು ಇಳಿಸಿ ಹೋದ. ಹೊಸಪೇಟೆಯ ಆರ್‌ಟಿಒ ಕೆಲಸದ ದಿನ ಅವನ ಮೊಬೈಲಿಗೆ ಬಂದ ಒಟಿಪಿ ನಂಬರನ್ನು ಫೋನಿನಲ್ಲೇ ಮಿಸ್ತ್ರಿಗೆ ಹೇಳಿದ. ಇಡೀ ವ್ಯವಹಾರದಲ್ಲಿ ಅವನು ಓದಿದ್ದು ಅದೊಂದನ್ನೇ.

ಗಾಡಿ ನನ್ನ ಹೆಸರಿಗೆ ಬಂತು, ಆದರೆ ನನ್ನ ಮಾತು ಕೇಳಲು ಎರಡು ತಿಂಗಳು ಹಿಡಿಯಿತು. ಗೇರಿನ ಗಾಡಿಯ ಲೈಸೆನ್ಸು ಮಾಡಿಸಿದೆ. ಚೂಡಿದಾರದ ಮೇಲೆ ಯಜಮಾನರ ದಪ್ಪ ಜಾಕೀಟು ಹಾಕಿಕೊಂಡು ಬೆಳಗಿನ ಜಾವ ಹಡಗಲಿ ರಸ್ತೆಯಲ್ಲಿ ಕಲಿಯುತ್ತಿದ್ದೆ. ಮಲ್ಲಿಗೆ ಬುಟ್ಟಿಯ ಟೆಂಪೋದವರು ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡುತ್ತಿದ್ದರು. ಅದರ ಎಂಜಿನ್ನಿನ ಕಾವು ಒಲೆಯ ಮುಂದೆ ಕೂತವಳಿಗೇ ತೊಡೆ ಸುಡುವಷ್ಟು. ಕ್ಲಚ್ಚು ಡಬ್ಬಿಯಲ್ಲಿ ಬೋಲ್ಟು ಹಾಕಿ ಅಲ್ಲಾಡಿಸಿದ ಹಾಗೆ ಕಟಕಟ ಎನ್ನುತ್ತಿತ್ತು. ಒಂದು ದಿನ ನಿಂತಲ್ಲೇ ವಾಲಿ ನನ್ನನ್ನೂ ಕೆಡವಿತು. ಯಜಮಾನರು ಮೊಣಕಾಲಿಗೆ ಅರಿಶಿನ ಹಚ್ಚುತ್ತ, ‘ಅಳಿಯ ಬರೋ ಹೊತ್ತಿನಾಗ ಏನ್ ಹುಚ್ಚಲೇ ಇದು’ ಎಂದರು. ಮರುದಿನ ಮತ್ತೆ ಗಾಡಿ ತೆಗೆದೆ. ಒಂದು ಮುಂಜಾನೆ ಮಾತ್ರ ಗೇರು ತಾನಾಗಿ ಬಿದ್ದು, ಗಾಡಿ ಮೆತ್ತಗೆ ಎತ್ತಿಕೊಂಡು ಹೊರಟಾಗ ಖುಷಿಯಾಯಿತು. ಅದಕ್ಕೂ ಸಿಟ್ಟು ಬಂತು. ಖುಷಿಗೆಂದು ಕೊಂಡದ್ದಲ್ಲವಲ್ಲ.

ಸೋಮವಾರ ಕೊಟ್ಟೂರಿಗೆ ಸುತ್ತಿನ ಹಳ್ಳಿಯ ಭಕ್ತರೆಲ್ಲ ಬರುತ್ತಾರೆ. ಅಣ್ಣನ ಮನೆಯ ಮುಂದಿನ ಕಟ್ಟೆಯೂ ಅವತ್ತು ತುಂಬಿರುತ್ತದೆ. ನಾನು ಆರಿಸಿಕೊಂಡದ್ದು ಅದೇ ದಿನ. ಓಣಿಯ ತಿರುವಿನಲ್ಲಿ ನನ್ನ ಸದ್ದು ಕೇಳಿದ ಕೂಡಲೇ ಅವನು ಕುರ್ಚಿಯಿಂದ ಎದ್ದ. ಆ ಸೈಲೆನ್ಸರಿನ ಸದ್ದನ್ನು ಅವನು ನಿದ್ದೆಯಲ್ಲೂ ಗುರುತಿಸುತ್ತಾನೆ. ಮುಂದೆ ತಂದು ನಿಲ್ಲಿಸಿ ಹೆಲ್ಮೆಟ್ ತೆಗೆದೆ. ಅಣ್ಣನ ಬಾಯಿ ತೆರೆದದ್ದು ಮುಚ್ಚಲಿಲ್ಲ. ಇಷ್ಟು ವರ್ಷ ನಾನು ಕಾದದ್ದು ಆ ಮುಖಕ್ಕಾಗಿ. ಕಣ್ತುಂಬ ನೋಡಿದೆ.

‘ಇದನ್ನ ಯಾರು ಕೊಟ್ರು ನಿನಗ?’ ಎಂದ.

‘ನೀನ ಕೊಟ್ಟಿ. ಸೈನ್ ನಿಂದ ಐತಲ್ಲ.’

‘ಹೆಸರು ಖಾಲಿ ಇತ್ತು.’

‘ಖಾಲಿ ಕಾಗದಕ್ಕ ಸೈನ್ ಹಾಕಿದಿ ಹಂಗಾದ್ರ.’

ಈಗ ಉರಿಯುತ್ತಾನೆ ಎಂದುಕೊಂಡೆ. ಅವನು ಗಾಡಿಯನ್ನು ನೋಡಿದ, ನನ್ನನ್ನು ನೋಡಿದ, ಆಮೇಲೆ ಮುಖವೆಲ್ಲ ಅರಳಿಸಿಕೊಂಡು ನಕ್ಕ. ‘ಹೋಗ್ಲಿ ಬಿಡು, ಮನಿಯಾಗ ಉಳೀತಲ್ಲ. ಯಾರೋ ಹೊರಗಿನವ್ರ ಪಾಲಾತು ಅಂತ ನನಗ ಅನ್ನ ಸೇರಿದ್ದಿಲ್ಲ’ ಎಂದ. ಒಳಗೆ ತಿರುಗಿ, ‘ಏ, ತಂಗಿ ಬಂದಾಳ, ಚಾ ಇಡು’ ಎಂದು ಕೂಗಿದ. ಮತ್ತೆ ನನ್ನ ಕಡೆ ಕೈ ಚಾಚಿ, ‘ಕೀ ಕೊಡು, ಒಂದ್ ರೌಂಡ್ ಹೊಡಕೊಂಡು ಬರ್ತೀನಿ’ ಎಂದ.

ನಾನು ಕೀ ಕೊಡಲಿಲ್ಲ. ಸೇಡು ತೀರಿಸಲು ಹೋಗಿ ಅವನ ಗಾಡಿಯನ್ನು ಕಾಯುವ ಆಳಾಗಿದ್ದೆ. ‘ಕೂಡ್ಲಿಗ್ಯಾಗ ನನ್ನ ಕೈಲೆ ಸೈನ್ ಹಾಕಿಸಿದ್ಯಲ್ಲ, ನೆನಪೈತೇನು?’ ಎಂದೆ.

‘ಯಾವುದು?’ ಎಂದ. ಸ್ವಲ್ಪ ಯೋಚಿಸಿ, ‘ಹಾಂ, ಅದಾ. ಖಾತಿ ಬದಲಿದು ಅಲ್ಲೇನು?’ ಎಂದ.

ಅವನು ನಾಟಕ ಮಾಡುತ್ತಿರಲಿಲ್ಲ. ಅಣ್ಣನ ನಾಟಕ ನನಗೆ ಗೊತ್ತು, ಆಗ ಅವನ ಎಡಹುಬ್ಬು ಏರುತ್ತದೆ. ಅವತ್ತು ಹುಬ್ಬು ಏರಲಿಲ್ಲ. ನನಗೆ ಹೇಳಿದ ಸುಳ್ಳನ್ನು ಅವನು ತಾನೂ ನಂಬಿ, ನಿಜ ಏನೆಂಬುದನ್ನೇ ಮರೆತು, ಹಾಯಾಗಿ ನಿದ್ದೆ ಮಾಡಿಕೊಂಡಿದ್ದ. ಇಷ್ಟು ವರ್ಷ ನಾನೊಬ್ಬಳೇ ಎದ್ದು ಕೂತಿದ್ದೆ. ಮೋಸ ಮಾಡಿದ್ದಕ್ಕಿಂತ ಇದು ನನ್ನನ್ನು ಹೆಚ್ಚು ಸುಟ್ಟಿತು. ನೆನಪೇ ಇಲ್ಲದವನ ಮೇಲೆ ಯಾವ ಸೇಡು ತೀರಿಸುವುದು?

ಆಗ ಅವನ ಕಣ್ಣು ಎಲ್ಲಿದೆ ಎಂದು ನೋಡಿದೆ. ಅದು ನನ್ನ ಮೇಲಿರಲಿಲ್ಲ, ಸೈಲೆನ್ಸರಿನ ಮೇಲಿತ್ತು. ನನ್ನ ಮೊಣಕೈ ತಾಗಿ ಕನ್ನಡಿ ತಿರುಗಿದ್ದನ್ನು ಅವನ ಬೆರಳು ಆಗಲೇ ಸರಿಮಾಡುತ್ತಿತ್ತು.

‘ಇವೆಲ್ಲ ಬಿಚ್ಚಸ್ತೀನಿ. ಕಂಪನಿ ಸಾಮಾನು ಚೀಲದಾಗ ಅದಾವಲ್ಲ, ಅವನ್ನ ಹಾಕಸ್ತೀನಿ’ ಎಂದೆ.

ಬೆರಳು ನಿಂತಿತು. ‘ಹುಚ್ಚದಿಯೇನು? ಆ ಸೈಲೆನ್ಸರ್ ಹುಡುಕಾಕ ಒಂದ್ ವರ್ಷ ಹಿಡೀತು ನನಗ. ಬ್ಯಾಡ ತಂಗಿ’ ಎಂದ. ದನಿ ಇಳಿದಿತ್ತು.

‘ಬಿಚ್ಚಿದ್ದು ಗುಜರಿಗೆ ಹೋಗ್ತೈತಿ. ಬೇಕಂದ್ರ ಐತವಾರ ಗ್ಯಾರೇಜಿಗೆ ಬಾ. ಏಳು ಸಾಮಾನು, ಏಳು ಐತವಾರ. ನೀನ ಬರಬೇಕು’ ಎಂದೆ. ಚಹಾ ಬರುವ ಮೊದಲೇ ಗಾಡಿ ತಿರುಗಿಸಿದೆ.

ಮೊದಲ ಭಾನುವಾರ ಬಂದ. ಮಿಸ್ತ್ರಿ ಎರಡೂ ಕನ್ನಡಿ ಬಿಚ್ಚಿ ಬೆಂಚಿನ ಮೇಲಿಟ್ಟಿದ್ದ. ‘ಎಷ್ಟು ಕೊಡಬೇಕು?’ ಎಂದು ಅಣ್ಣ ಜೇಬಿಗೆ ಕೈ ಹಾಕಿದ. ನಾನು ಆ ಪತ್ರದ ನಕಲನ್ನು ಅವನ ಮುಂದಿಟ್ಟೆ. ‘ದುಡ್ಡು ಬ್ಯಾಡ. ಇದನ್ನ ಓದು, ಎಲ್ಲಾರಿಗೂ ಕೇಳಂಗ. ಒಂದು ಸಾಮಾನಿಗೆ ಒಂದು ಸಲ’ ಎಂದೆ. ಗ್ಯಾರೇಜಿನಲ್ಲಿ ಗಾಡಿ ಬಿಟ್ಟು ಕೂತ ಜನ ನಾಲ್ಕೈದು ಮಂದಿ ಇದ್ದರು. ನಕ್ಕು ಶುರುಮಾಡಿದ. ಎರಡನೆಯ ಪುಟಕ್ಕೆ ಬರುವಾಗ ನಗು ಹೋಗಿತ್ತು. ಕೊನೆಯ ಸಾಲಿನ ಹತ್ತಿರ ಕಾಗದ ಮಡಚಿದ.

‘ಒಂದ್ ಸಾಲು ಬಿಟ್ಟಿ’ ಎಂದೆ.

ಮಿಸ್ತ್ರಿ ತಟ್ಟುತ್ತಿದ್ದ ಸುತ್ತಿಗೆ ಕೆಳಗಿಟ್ಟ. ಅಣ್ಣ ಕಾಗದ ಬಿಚ್ಚಿ, ‘ಈ ಪತ್ರವನ್ನು ನಾನೇ ಓದಿ, ಅರ್ಥ ಮಾಡಿಕೊಂಡು ಸಹಿ ಮಾಡಿರುತ್ತೇನೆ’ ಎಂದು ಗಡಗಡ ಓದಿ, ಕನ್ನಡಿ ಎತ್ತಿಕೊಂಡು ಹೋದ.

ಎರಡನೆಯ ವಾರ ಕಾರಿನ ಡ್ರೈವರನನ್ನು ಕಳಿಸಿದ. ಅವನನ್ನು ಬರಿಗೈಯಲ್ಲಿ ಹಿಂದೆ ಕಳಿಸಿದೆ. ಮಧ್ಯಾಹ್ನಕ್ಕೆ ತಾನೇ ಬಂದು ಲಿವರಿಗಾಗಿ ಓದಿದ. ಮೂರನೆಯ ವಾರ ಅತ್ತಿಗೆ ಕೊಟ್ಟಳೆಂದು ಇಳಕಲ್ ಸೀರೆ ತಂದ. ಅದನ್ನು ಬೆಂಚಿನ ಮೇಲೆ ಇಡು ಎಂದೆ, ಹೋಗುವಾಗ ತೆಗೆದುಕೊಂಡು ಹೋಗು ಎಂದೂ ಹೇಳಿದೆ. ಗಿಡ್ಡ ಬಾಲಕ್ಕಾಗಿ ಓದಿದ. ಆ ಹೊತ್ತಿಗೆ ಸುದ್ದಿ ಹಬ್ಬಿ ಭಾನುವಾರ ಗ್ಯಾರೇಜಿನಲ್ಲಿ ಚಹಾ ಕುಡಿಯುವವರು ಜಾಸ್ತಿಯಾಗಿದ್ದರು. ಯಜಮಾನರು, ‘ಸಾಕು ಮಾಡಲೇ, ಬೆಕ್ಕಿಗೆ ಆಟ ಇಲಿಗೆ ಪ್ರಾಣಸಂಕಟ ಆಗೈತಿ’ ಎಂದರು. ಬೆಕ್ಕಾಗುವ ಸರದಿ ನನಗೆ ಒಮ್ಮೆಯೂ ಬಂದಿರಲಿಲ್ಲ ಎಂದೆ.

ಐದ‍ನೆಯ ವಾರ ಸೀಟಿನದು. ಓದಿ ಮುಗಿಸಿ ಅವನು ಕಾಗದ ಕೊಡಲಿಲ್ಲ. ನನ್ನ ಸಹಿಯನ್ನೇ ನೋಡುತ್ತಿದ್ದ. ಚಿಕ್ಕಂದಿನಲ್ಲಿ ನನ್ನ ಅಕ್ಷರವನ್ನು ಅಪ್ಪ ಎಲ್ಲರಿಗೂ ತೋರಿಸುತ್ತಿದ್ದ, ಅದು ಅಣ್ಣನಿಗೂ ಗೊತ್ತು.

‘ಸೈನ್ ಯಾಕ ಇಷ್ಟು ಸೊಟ್ಟ ಆಗೈತಿ?’ ಎಂದ.

‘ಒಂದ ಕೈಲೆ ಮಾಡಿದ್ದು. ಕಾಗದ ಜಾರತಿತ್ತು.’

‘ಇನ್ನೊಂದ್ ಕೈಗೆ ಏನಾಗಿತ್ತು?’

‘ಉಡಿ ಹಿಡದಿದ್ದೆ. ನೀವ ತುಂಬಿದ್ದು.’

ಅವನ ಎಡಹುಬ್ಬು ಏರಲೂ ಇಲ್ಲ, ಇಳಿಯಲೂ ಇಲ್ಲ. ಮುಖ ಮಾತ್ರ ಬಣ್ಣ ಕಳೆದುಕೊಂಡಿತು. ನೆನಪು ಬಂದಿತ್ತು. ಜೀಪು, ಕೂಡ್ಲಿಗಿಯ ಮೆಟ್ಟಿಲು, ಮನ್ಯಾಗ ಓದ್ಯಾಳ್ರಿ ಎಂದ ತನ್ನ ಮಾತು, ಎಲ್ಲ ಒಂದೊಂದಾಗಿ ಅವನ ಮುಖದ ಮೇಲೆ ಬಂದು ನಿಂತದ್ದನ್ನು ನಾನು ನೋಡಿದೆ. ಅವತ್ತು ಅವನು ಸೀಟನ್ನು ಮರೆತೇ ಹೋಗಿದ್ದ. ಮಿಸ್ತ್ರಿ ಓಡಿಹೋಗಿ ಕಾರಿನಲ್ಲಿ ಇಟ್ಟುಬಂದ. ನನಗೆ ಕನಿಕರ ಬರಬೇಕಿತ್ತು ಎಂದು ಯಜಮಾನರು ಹೇಳುತ್ತಾರೆ. ಬರಲಿಲ್ಲ. ರಾತ್ರಿ ಎರಡು ರೊಟ್ಟಿ ಹೆಚ್ಚಿಗೆ ಉಂಡೆ.

ಆರನೆಯ ವಾರ ಬರುವುದಿಲ್ಲ ಎಂದುಕೊಂಡಿದ್ದೆ. ಬಂದ. ನಾಲ್ಕನೆಯ ವಾರ ಹ್ಯಾಂಡಲ್ಲು ಹೋಗಿತ್ತು, ಈಗ ಕ್ಲಚ್ಚಿನ ಮುಚ್ಚಳವೂ ಹೋಗಿ, ಏಳನೆಯ ವಾರಕ್ಕೆ ಸೈಲೆನ್ಸರ್ ಒಂದೇ ಉಳಿಯಿತು. ಅವತ್ತು ಜನವೂ ಬಹಳ ಇದ್ದರು. ನಾನು ಪತ್ರ ತೆಗೆದು ಚಾಚಿದೆ. ಅಣ್ಣ ಅದನ್ನು ತೆಗೆದುಕೊಳ್ಳಲಿಲ್ಲ. ಬೆಂಚಿನ ಮೇಲೆ ಕೂತು, ನೆಲ ನೋಡುತ್ತ, ಹೊಲದ ನಾಲ್ಕೂ ದಿಕ್ಕಿನ ಎಲ್ಲೆಯಿಂದ ಹಿಡಿದು ಪೂರ್ತಿ ಪತ್ರವನ್ನು ಬಾಯಿಂದಲೇ ಹೇಳಿದ. ಪ್ರೀತಿ ವಿಶ್ವಾಸದಿಂದ ಎಂಬಲ್ಲಿ ದನಿ ಸಿಕ್ಕಿಕೊಂಡಿತು, ಬಿಡಿಸಿಕೊಂಡು ಮುಂದೆ ಹೋದ. ಕೊನೆಯ ಸಾಲನ್ನೂ ಬಿಡಲಿಲ್ಲ. ಅದರ ಕೆಳಗೆ ನನ್ನ ಹೆಸರಿದೆ, ಅದನ್ನೂ ಹೇಳಿದ.

ಮಿಸ್ತ್ರಿ ಸೈಲೆನ್ಸರನ್ನು ಒರೆಸಿ ಅವನಿಗೆ ಕೊಟ್ಟ. ಅದು ಉದ್ದ, ಭಾರ. ಅಣ್ಣ ಎರಡೂ ತೋಳಿನಲ್ಲಿ ಅದನ್ನು ಹಿಡಿದುಕೊಂಡು ನನ್ನ ಮುಂದೆ ನಿಂತ.

‘ಹೊಲ ಅಂತೂ ಹೋತು. ಈಗ ನಿನಗ ಏನ್ ಬೇಕು ಹೇಳು ತಂಗಿ, ಕೊಡ್ತೀನಿ’ ಎಂದ.

‘ಏನೂ ಬ್ಯಾಡ ಅಣ್ಣ. ನನಗ ಬೇಕಾಗಿದ್ದು ಈಗ ನಿನ್ನ ಬಾಯಾಗ ಐತಿ. ಅಲ್ಲೇ ಇರ್ಲಿ’ ಎಂದೆ.

ಅವನು ನಿಧಾನವಾಗಿ ಕಾರಿನ ತನಕ ನಡೆದ. ಡ್ರೈವರ್ ಎದುರಿನ ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದ. ಬಾಗಿಲು ತೆರೆಯಲು ಅಣ್ಣನಿಗೆ ಕೈ ಬಿಡುವಿರಲಿಲ್ಲ, ಸೈಲೆನ್ಸರನ್ನು ಕೆಳಗಿಡಲು ಸೊಂಟ ಬಗ್ಗುತ್ತಿರಲಿಲ್ಲ. ನನ್ನ ಕಡೆ ತಿರುಗಿ ನೋಡಿದ. ನಾನು ಎದ್ದು ಹೋಗಲಿಲ್ಲ.